ಐದನೆಯವರಿಗೆ ಜಾಗವಿಲ್ಲ

ಜಂಬ ಅಂದರೆ ಜಂಬವೇ ಅನ್ನಿ, ನನಗೇನೂ ಬೇಸರವಿಲ್ಲ. ವಿಶ್ವವಿದ್ಯಾಲಯದ ವಾಣಿಜ್ಯ ಗ್ರಂಥಾಲಯಕ್ಕೆ ನಾನು ಮುಖ್ಯಸ್ಥೆ. ವಿದ್ಯಾರ್ಥಿಗಳು ಬೆನ್ನ ಹಿಂದೆ ನನ್ನನ್ನು ಮೆಣಸಿನಕಾಯಿ ಮೇಡಂ ಎನ್ನುತ್ತಾರೆ. ಎದುರಿಗೆ ಅನ್ನಲು ಧೈರ್ಯ ಸಾಲದು, ಅಷ್ಟೆ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಗ್ರಂಥಾಲಯದಲ್ಲಿ ಒಂದೇ ಒಂದು ಪುಸ್ತಕ ತಲೆಕೆಳಗಾಗಿ ನಿಂತಿರುವುದನ್ನು ಯಾರಾದರೂ ತೋರಿಸಲಿ, ನೋಡೋಣ!

ಮೊದಲ ಮಹಡಿಯ ಮೂಲೆಯಲ್ಲಿ ಒಂದು ಉದ್ದನೆಯ ಕೊಠಡಿಯಿದೆ. ಮೊದಲು ಅದರ ತುಂಬ ಕಂಪನಿ ಡೈರೆಕ್ಟರಿಗಳಿದ್ದವು. ಒಂದೊಂದೂ ಎತ್ತಿದರೆ ಸೊಂಟ ಹಿಡಿಯುವಂಥದ್ದು. ಅಚ್ಚಾಗಿ ನಮ್ಮ ಕೈಸೇರುವಷ್ಟರಲ್ಲಿ ಅರ್ಧ ಕಂಪನಿಗಳು ಹೆಸರು ಬದಲಿಸಿರುತ್ತಿದ್ದವು, ಇನ್ನು ಕೆಲವು ಬಾಗಿಲು ಹಾಕಿರುತ್ತಿದ್ದವು. ಅವುಗಳ ಚಂದಾ ನಿಲ್ಲಿಸಿ, ಕಪಾಟುಗಳನ್ನು ಖಾಲಿ ಮಾಡಿಸಿ, ಅಲ್ಲಿ ಕಂಪ್ಯೂಟರುಗಳನ್ನಿಟ್ಟು ಆನ್‌ಲೈನ್ ಡೇಟಾಬೇಸ್ ತರಿಸಿದ್ದು ನಾನು. ಕಂಪನಿಗಳ ವಾರ್ಷಿಕ ವರದಿ, ಮಾರುಕಟ್ಟೆ ಸಮೀಕ್ಷೆ, ವ್ಯಾಪಾರದ ಪತ್ರಿಕೆಗಳ ಹಳೆಯ ಸಂಚಿಕೆ, ಎಲ್ಲವೂ ಒಂದೇ ಬಾಗಿಲಿನ ಹಿಂದೆ. ಯಾವ ದೇಶದಲ್ಲಿ ಯಾರು ಏನು ತಯಾರಿಸುತ್ತಾರೆ, ಎಷ್ಟಕ್ಕೆ ಮಾರುತ್ತಾರೆ ಎಂದು ಕೂತಲ್ಲೇ ತಿಳಿಯಬಹುದು. ಮೊದಲ ದಿನ ಅದು ತೆರೆದುಕೊಂಡಾಗ ನನಗೆ ಹೊಟ್ಟೆ ತುಂಬಿದಂತಾಗಿತ್ತು.

ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ನಮ್ಮ ಯಜಮಾನರು ತಟ್ಟೆಯಿಂದ ತಲೆಯೆತ್ತದೆ, “ನೀನು ನನ್ನ ಬದಲು ಆ ಡೇಟಾಬೇಸನ್ನೇ ಕಟ್ಕೊಂಡಿದ್ರೆ ಇಬ್ಬರಿಗೂ ಒಳ್ಳೇದಾಗ್ತಿತ್ತು ಕಣೆ,” ಎಂದರು.

“ಅದಾದ್ರೂ ಕೇಳಿದ್ದಕ್ಕೆ ಉತ್ತರ ಕೊಡುತ್ತೆ,” ಎಂದೆ.

ಆದರೆ ಇದೆಲ್ಲ ಪ್ರಯೋಗಕ್ಕೆ ಬಂದದ್ದು, ಒಂದು ಅವಧಿಗೆ ಮಾತ್ರ. ಅದು ಮುಗಿದ ಮೇಲೆ ಮುಂದುವರಿಸಬೇಕೋ ಬೇಡವೋ ಎಂದು ಗ್ರಂಥಾಲಯ ಸಮಿತಿ ತೀರ್ಮಾನಿಸಬೇಕು. ಬೇಡವೆಂದರೆ ಡೇಟಾಬೇಸ್ ಹೋಗುತ್ತದೆ, ಡೈರೆಕ್ಟರಿಗಳು ಮೊದಲೇ ಹೋಗಿವೆ. ನನ್ನ ಮಕ್ಕಳಿಗೆ, ಅಂದರೆ ವಿದ್ಯಾರ್ಥಿಗಳಿಗೆ, ಅದೂ ಇಲ್ಲ ಇದೂ ಇಲ್ಲ ಎಂಬಂತಾಗುತ್ತದೆ. ಕೊಠಡಿಯ ಮೇಲಂತೂ ಹಣಕಾಸು ಅಧಿಕಾರಿಗಳಿಗೆ ಬಹಳ ದಿನದಿಂದ ಕಣ್ಣಿತ್ತು. ಹೊರಗಿನ ಅತಿಥಿಗಳು ಬಂದರೆ ಕೂರಿಸಲು ಒಳ್ಳೆಯ ಸೋಫಾ ಹಾಕಿಸಬಹುದು ಎಂದು ನನ್ನೆದುರಿಗೇ ಗೋಡೆಯಿಂದ ಗೋಡೆಗೆ ಅಳತೆ ಹಿಡಿಸಿದ್ದರು. ಗ್ರಂಥಾಲಯದಲ್ಲಿ ಸೋಫಾ! ನನ್ನ ಮೈಯೆಲ್ಲ ಉರಿದುಹೋಗಿತ್ತು.

ಪ್ರಯೋಗದ ಕರಾರಿನಂತೆ ಒಮ್ಮೆಗೆ ನಾಲ್ಕು ಜನಕ್ಕೆ ಮಾತ್ರ ಪ್ರವೇಶ. ಐದನೆಯವರು ಬಂದರೆ ತೆರೆಯ ಮೇಲೆ ‘ಈಗ ಜಾಗವಿಲ್ಲ, ಆಮೇಲೆ ಪ್ರಯತ್ನಿಸಿ’ ಎಂದು ಬರುತ್ತದೆ. ಮೊದಮೊದಲು ನಮ್ಮವರು ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡದೆ ಹಾಗೇ ಎದ್ದು ಹೋಗುತ್ತಿದ್ದರು. ಡೇಟಾಬೇಸಿನ ಲೆಕ್ಕದಲ್ಲಿ ಅವರಿನ್ನೂ ಒಳಗೇ ಕೂತಿರುತ್ತಿದ್ದರು, ಹೊರಗಿನವರು ಹೊರಗೇ.

“ಬಸ್ಸಿಂದ ಇಳಿಯುವಾಗ ಸೀಟು ಹೊತ್ಕೊಂಡು ಹೋಗ್ತೀರೇನ್ರೋ?” ಎಂದು ನಾನು ಒಮ್ಮೆ ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ. ಅಂದಿನಿಂದ ಎಲ್ಲರೂ ಲಾಗ್ ಔಟ್ ಮಾಡಿಯೇ ಏಳುತ್ತಾರೆ. ಅಷ್ಟೇ ಅಲ್ಲ, ಹಿಂದೆ ಕಾಯುತ್ತಿರುವವರಿಗೆ “ಇಳಿದೆ, ಹತ್ತು” ಎಂದು ಹೇಳಿ ಏಳುತ್ತಾರೆ. ನಮ್ಮ ಕೊಠಡಿಯಲ್ಲಿ ಅದೇ ಮಾತು ನಿಂತುಹೋಯಿತು. ಲಾಗಿನ್ ಅಂದರೆ ಹತ್ತುವುದು, ಲಾಗ್ ಔಟ್ ಅಂದರೆ ಇಳಿಯುವುದು.

ಸಮಿತಿಯ ಸಭೆಗೆ ಒಂದು ಪುಟದ ಟಿಪ್ಪಣಿ ಕೊಡಬೇಕಿತ್ತು. ಡೇಟಾಬೇಸಿನ ಕಂಪನಿಯವರು ಎಷ್ಟು ಜನ ಒಳಗೆ ಬಂದರು, ಎಷ್ಟು ವರದಿ ಇಳಿಸಿಕೊಂಡರು, ಎಷ್ಟು ಸಲ ಜಾಗವಿಲ್ಲದೆ ಪ್ರವೇಶ ಸಿಗದೇ ಹೋಯಿತು ಎಂದು ಇಂಗ್ಲಿಷಿನಲ್ಲಿ ಅಂಕಿಅಂಶ ಕಳಿಸಿದ್ದರು. ಮೂರನೆಯ ಅಂಕಿ ಎಲ್ಲಕ್ಕಿಂತ ದೊಡ್ಡದು. ನೋಡಿದವಳೇ ಕುಣಿದಾಡಿದೆ. ಒಳಗೆ ಬಂದವರಿಗಿಂತ ಬಾಗಿಲು ಬಡಿದವರೇ ಹೆಚ್ಚು ಎಂದರೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಟಿಪ್ಪಣಿಯನ್ನು ನಾನೇ ಕನ್ನಡದಲ್ಲಿ ಬರೆದೆ. ಸಮಿತಿಯವರಿಗೆ ತೂಕದ ಪದಗಳೆಂದರೆ ಪ್ರೀತಿ. ಹಾಗಾಗಿ ‘ಪ್ರವೇಶಗಳು’, ಇಳಿಸಿಕೊಂಡ ವರದಿಗಳಿಗೆ ‘ಅವತರಣಗಳು’ ಎಂದೆಲ್ಲ ಹಾಕಿ, ಮೂರನೆಯದಕ್ಕೆ ‘ನಿರಾಕರಣೆಗಳು’ ಎಂದು ಬರೆದೆ. ಓದಿ ನೋಡಿದರೆ ನನಗೇ ನನ್ನ ಮೇಲೆ ಗೌರವ ಬಂತು.

ಸಭೆ ನಡೆದದ್ದು ಆಡಳಿತ ಕಟ್ಟಡದಲ್ಲಿ. ಉದ್ದನೆಯ ಮೇಜು, ಮುಚ್ಚಳ ಹಾಕಿದ ನೀರಿನ ಲೋಟಗಳು, ಗೋಡೆಯ ಮೇಲೆ ದೊಡ್ಡ ಪರದೆ. ಸಮಿತಿಯ ಅಧ್ಯಕ್ಷರು ಅರ್ಥಶಾಸ್ತ್ರದ ಹಿರಿಯ ಪ್ರಾಧ್ಯಾಪಕರು. ನಿಧಾನಸ್ಥರು, ಕೆಟ್ಟವರಲ್ಲ, ಆದರೆ ಒಮ್ಮೆ ಒಂದು ಅಭಿಪ್ರಾಯಕ್ಕೆ ಬಂದರೆ ಕದಲಿಸುವುದು ಕಷ್ಟ. ಅವರು ನನ್ನ ಟಿಪ್ಪಣಿಯನ್ನು ಮೇಲಿಂದ ಕೆಳಗೆ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

“ಮೇಡಂ, ನಿಮ್ಮ ಪ್ರಾಮಾಣಿಕತೆ ಮೆಚ್ಚಬೇಕಾದ್ದೇ,” ಎಂದರು. “ಬೇರೆಯವರಾಗಿದ್ರೆ ಇದನ್ನ ಮುಚ್ಚಿಡ್ತಿದ್ರು.”

ನನಗೆ ತಲೆಬುಡ ಅರ್ಥವಾಗಲಿಲ್ಲ. “ಏನ್ ಸರ್ ಮುಚ್ಚಿಡೋದು?”

“ಅಲ್ಲ, ವಿದ್ಯಾರ್ಥಿಗಳು ಇದನ್ನ ಇಷ್ಟೊಂದು ಸಲ ನಿರಾಕರಿಸಿದ್ದಾರೆ ಅಂತ ನೀವೇ ಬರೆದಿದ್ದೀರಲ್ಲ.”

ಪಕ್ಕದಲ್ಲಿದ್ದ ಹಣಕಾಸು ಅಧಿಕಾರಿಗಳ ಮುಖ ಅರಳಿತು. “ಮಕ್ಕಳೇ ಬೇಡ ಅಂದ್ಮೇಲೆ ನಾವು ಯಾಕೆ ಬಲವಂತ ಮಾಡೋದು ಸರ್? ಬಿಟ್ಬಿಡೋಣ.”

ಅಯ್ಯೋ ನನ್ನ ಕರ್ಮವೇ! ನಿರಾಕರಣೆ ಎಂದು ಬರೆದೆ, ಯಾರು ಯಾರನ್ನು ನಿರಾಕರಿಸಿದರು ಎಂದು ಬರೆಯಲಿಲ್ಲ. ಬಾಗಿಲಲ್ಲಿ ನಿಂತು ಕಾದ ಮಕ್ಕಳನ್ನೆಲ್ಲ ನಾನೇ ಒಂದು ದೊಡ್ಡ ಪದ ಹಿಡಿದು ಬೇಡವೆಂದು ಮುಖ ತಿರುಗಿಸಿದವರನ್ನಾಗಿ ಮಾಡಿದ್ದೆ.

“ಸರ್, ಅದು ಹಾಗಲ್ಲ,” ಎಂದೆ. “ಮಕ್ಕಳು ಇದನ್ನ ನಿರಾಕರಿಸಿದ್ದಲ್ಲ, ಇದು ಮಕ್ಕಳನ್ನ ನಿರಾಕರಿಸಿದ್ದು. ಒಮ್ಮೆಗೆ ನಾಲ್ಕೇ ಜನಕ್ಕೆ ಜಾಗ. ಐದನೆಯವರನ್ನ ಒಳಗೆ ಬಿಡೋದಿಲ್ಲ. ಹಾಗೆ ವಾಪಸ್ ಹೋದವರ ಲೆಕ್ಕ ಅದು.”

ಹಣಕಾಸು ಅಧಿಕಾರಿಗಳು ನಕ್ಕರು. “ಬರೆಯುವಾಗ ಒಂದರ್ಥ, ಓದುವಾಗ ಇನ್ನೊಂದರ್ಥ. ಭಲೇ ಮೇಡಂ!”

ಕೋಪ ನೆತ್ತಿಗೇರಿತು. ಆದರೆ ಆ ಹೊತ್ತಿಗೆ ಬಾಯಿ ಬಿಟ್ಟರೆ ಡೇಟಾಬೇಸೂ ಹೋಗುತ್ತದೆ, ಕೊಠಡಿಯೂ ಹೋಗುತ್ತದೆ ಎಂದು ತುಟಿ ಕಚ್ಚಿಕೊಂಡು ಕೂತೆ.

ಅಧ್ಯಕ್ಷರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. “ವಾದ ಯಾಕೆ? ಇಲ್ಲೇ ತೆರೆದು ನೋಡೋಣ. ಒಳಗೆ ಏನಿದೆ ಅಂತ ನಾನೂ ನೋಡಿಲ್ಲ.” ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ಎಳೆದುಕೊಂಡರು. ಗೋಡೆಯ ಪರದೆಯ ಮೇಲೆ ಡೇಟಾಬೇಸಿನ ಮುಖಪುಟ ಮೂಡಿತು. ಅವರು ತಮ್ಮ ಹೆಸರು, ವಿಶ್ವವಿದ್ಯಾಲಯದ ಪಾಸ್‌ವರ್ಡ್ ಹಾಕಿ ಒತ್ತಿದರು.

ಈಗ ಜಾಗವಿಲ್ಲ, ಆಮೇಲೆ ಪ್ರಯತ್ನಿಸಿ.

ಮತ್ತೆ ಒತ್ತಿದರು. ಅದೇ ಸಾಲು. ಮೂರನೆಯ ಸಲ ಸ್ವಲ್ಪ ಜೋರಾಗಿ ಒತ್ತಿದರು, ಜೋರಾಗಿ ಒತ್ತಿದರೆ ಹೆದರಿ ಬಿಡುತ್ತದೆ ಎಂಬಂತೆ.

“ಇದೇನ್ರೀ ಇದು? ನಾನು ಸಮಿತಿಯ ಅಧ್ಯಕ್ಷ!”

“ಅದು ಅದಕ್ಕೆ ಗೊತ್ತಿಲ್ಲ ಸರ್,” ಎಂದೆ. ನನಗೆ ನಗು ಬಂದಿತ್ತು. “ಗ್ರಂಥಾಲಯದ ಕೊಠಡಿಯಲ್ಲಿ ನಾಲ್ಕು ಜನ ಕೂತಿರ್ತಾರೆ. ನೀವು ಐದನೆಯವರು.”

“ಫೋನ್ ಮಾಡಿ. ಒಬ್ಬರನ್ನ ಎಬ್ಬಿಸೋಕೆ ಹೇಳಿ. ನೋಡೇಬಿಡೋಣ. ಇಲ್ಲಾಂದ್ರೆ ಇದನ್ನ ಇಲ್ಲಿಗೇ ಮುಗಿಸಿ ಮುಂದಿನ ವಿಷಯಕ್ಕೆ ಹೋಗೋಣ, ನನಗೂ ಬೇರೆ ಕೆಲಸ ಇದೆ.”

ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಗ್ರಂಥಾಲಯಕ್ಕೆ ಫೋನ್ ಮಾಡಿದೆ. ಎತ್ತಿದ್ದು ನನ್ನ ಸಹಾಯಕಿ. ನಾನು ಅವಳನ್ನು ತಂಗಿ ಎಂದೇ ಕರೆಯುವುದು.

“ನಾಲ್ಕೂ ಭರ್ತಿ ಅಕ್ಕಾ. ಹಿಂದೆ ಮೂರು ಜನ ನಿಂತಿದ್ದಾರೆ. ಯಾರನ್ನಾದರೂ ಇಳಿಸ್ಲಾ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಪರದೆ ತೆರೆದುಕೊಳ್ಳುತ್ತಿತ್ತು, ಅಧ್ಯಕ್ಷರು ಒಳಗೆ ಓಡಾಡಿ ಖುಷಿಪಡುತ್ತಿದ್ದರು, ನನ್ನ ಕೆಲಸವೂ ಆಗುತ್ತಿತ್ತು. ಹೂಂ ಎನ್ನಲು ಬಾಯಿ ತೆರೆದೆ ಕೂಡ. ಆದರೆ ಓದುತ್ತಿರುವವರನ್ನು ನಡುವೆ ಎಬ್ಬಿಸಿ ದೊಡ್ಡವರನ್ನು ಕೂರಿಸುವುದಾದರೆ ಅದಕ್ಕೆ ಸೋಫಾ ಹಾಕಿದ ಕೊಠಡಿಯೇ ಸಾಕಲ್ಲ, ಗ್ರಂಥಾಲಯ ಯಾಕೆ?

“ಬೇಡ,” ಎಂದೆ. “ಯಾರನ್ನೂ ಎಬ್ಬಿಸ್ಬೇಡ. ಅವರು ಓದಿ ಮುಗಿಸ್ಲಿ.”

ಹಣಕಾಸು ಅಧಿಕಾರಿಗಳು “ಆಯ್ತಲ್ಲ” ಎಂಬಂತೆ ತಮ್ಮ ಕಾಗದಗಳನ್ನು ಜೋಡಿಸತೊಡಗಿದರು. ಅಧ್ಯಕ್ಷರ ಹುಬ್ಬು ಗಂಟಿಕ್ಕಿತು. ಅವರು ಫೋನಿನ ಕಡೆಗೆ ಬಾಗಿ, “ಅಲ್ಲಿ ಕೂತಿರೋರಲ್ಲಿ ಒಬ್ಬರ ಹತ್ರ ಕೊಡಿ,” ಎಂದರು. ಅತ್ತ ಕುರ್ಚಿ ಸರಿದ ಸದ್ದು, ಪಿಸುಮಾತು. ಆಮೇಲೆ ಒಬ್ಬ ಹುಡುಗಿಯ ದನಿ.

“ಹಲೋ, ಯಾರು?”

“ಏನಮ್ಮಾ ಹುಡುಕ್ತಿದ್ದೀಯ ಅದರಲ್ಲಿ?”

“ಜಿಪ್ಪು ಸರ್.”

“ಏನು?”

“ಜಿಪ್ಪು ಸರ್, ಚೀಲಕ್ಕೆ ಹಾಕೋದು. ನಮ್ಮಮ್ಮ ಮನೇಲಿ ಶಾಲಾ ಮಕ್ಕಳ ಚೀಲ ಹೊಲೀತಾರೆ. ಹೊಲಿಗೆ ಗಟ್ಟಿಯಾಗೇ ಇರುತ್ತೆ, ಜಿಪ್ಪು ಕೈ ಕೊಡುತ್ತೆ, ಬೈಸ್ಕೊಳ್ಳೋದು ಅಮ್ಮ. ಯಾರು ಎಂಥ ಜಿಪ್ಪು ಮಾಡ್ತಾರೆ, ಚಿಕ್ಕ ವ್ಯಾಪಾರದವರಿಗೆ ಒಳ್ಳೇದು ಯಾಕೆ ಸಿಗಲ್ಲ ಅಂತ ನನ್ನ ಪ್ರಾಜೆಕ್ಟ್. ಈಗಷ್ಟೇ ಒಂದು ಮಾರುಕಟ್ಟೆ ವರದಿ ಸಿಕ್ಕಿದೆ. ಸರ್, ನಿಮಗೆ ಅರ್ಜೆಂಟಾ?”

“ನಾನೂ ಒಳಗೆ ಬರಬೇಕಿತ್ತು. ಬಿಡ್ತಿಲ್ಲ.”

“ಅಯ್ಯೋ, ನಿಮ್ಮನ್ನೂ ಒಳಗೆ ಬಿಡ್ಲಿಲ್ವಾ?” ಹುಡುಗಿಗೆ ನಿಜವಾಗಿಯೂ ಪಾಪ ಅನ್ನಿಸಿತ್ತು. “ನನ್ನನ್ನೂ ಬೆಳಿಗ್ಗೆಯಿಂದ ಬಿಟ್ಟಿರ್ಲಿಲ್ಲ ಸರ್. ನಿನ್ನೆಯೂ ಕಾದು ಕಾದು ಮನೆಗೆ ಹೋದೆ. ಮತ್ತೆ ಮತ್ತೆ ಒತ್ತುತ್ತಾ ಇರಿ, ಬೇಜಾರು ಮಾಡ್ಕೋಬೇಡಿ. ಇದೊಂದು ಓದಿಬಿಟ್ಟು ಇಳೀತೀನಿ, ನೀವು ಹತ್ತಿ. ಹಿಂದೆ ನಿಂತಿರೋರಿಗೂ ಹೇಳ್ತೀನಿ, ನಿಮ್ಮನ್ನ ಬಿಡಿ ಅಂತ.”

ನನಗೆ ಕಣ್ಣು ತುಂಬಿಬಂತು. ಆ ಹುಡುಗಿಯ ಮುಖ ಕೂಡ ನನಗೆ ಸರಿಯಾಗಿ ನೆನಪಿರಲಿಲ್ಲ, ಆದರೂ ನನ್ನ ಮಗಳೇ ಅಷ್ಟು ಮಂದಿಯ ಮುಂದೆ ನಿಂತು ಮಾತಾಡಿದಷ್ಟು ಹೆಮ್ಮೆಯಾಯಿತು.

“ಬೇಡಮ್ಮ,” ಎಂದರು ಅಧ್ಯಕ್ಷರು. “ಅವರು ಮೊದಲು ಬಂದವರು, ಅವರೇ ಹತ್ಲಿ. ನಾನು ಆಮೇಲೆ ಬರ್ತೀನಿ. ನೀನು ನಿಧಾನವಾಗಿ ಓದ್ಕೋ.”

ಫೋನ್ ಇಟ್ಟ ಮೇಲೆ ಅವರು ಲ್ಯಾಪ್‌ಟಾಪ್ ಮುಚ್ಚಿದರು. ಹಣಕಾಸು ಅಧಿಕಾರಿಗಳು, “ಸರ್, ಹಾಗಾದ್ರೆ ಇದನ್ನ ಮುಂದಿನ ಸಭೆಗೆ…” ಎಂದು ಶುರುಮಾಡಿದರು.

“ಯಾಕ್ರೀ ಮುಂದಿನ ಸಭೆಗೆ? ಅಷ್ಟು ದಿನ ಆ ಹುಡುಗಿ ನಿಂತಿರ್ಬೇಕಾ?” ಅಧ್ಯಕ್ಷರು ಪೆನ್ನು ತೆಗೆದರು. “ಮುಂದುವರಿಸೋದು. ನಾಲ್ಕು ಜನ ಅನ್ನೋ ಮಿತಿ ತೆಗೆಸೋದು. ಬರ್ಕೊಳ್ಳಿ.”

ಹಣಕಾಸು ಅಧಿಕಾರಿಗಳು ಬರೆದುಕೊಂಡರು. ಸೋಫಾದ ಮಾತು ಅವರ ಗಂಟಲಲ್ಲೇ ಉಳಿಯಿತು.

ಅಧ್ಯಕ್ಷರು ನನ್ನ ಟಿಪ್ಪಣಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ‘ನಿರಾಕರಣೆಗಳು’ ಎಂಬ ನನ್ನ ಘನವಾದ ಪದದ ಮೇಲೆ ಒಂದು ಗೆರೆ ಹೊಡೆದು, ಮೇಲೆ ‘ಕಾದವರು’ ಎಂದು ಬರೆದರು. ಆಮೇಲೆ ಪಕ್ಕದಲ್ಲಿದ್ದ ಆ ದೊಡ್ಡ ಅಂಕಿಯ ಮುಂದೆ ಕೂಡುವ ಗುರುತು ಹಾಕಿ ಒಂದು ಎಂದು ಬರೆದು ನನ್ನ ಕಡೆಗೆ ತಳ್ಳಿದರು.

“ಇದು ನಾನು,” ಎಂದರು.