ಬೀಜದ ಟಗರು

ಟಗರುಗಳನ್ನು ನೋಡಲು ಪಶುವೈದ್ಯೆ ಡಾಕ್ಟರ್ ಚೂಡಾಮಣಿ ಬಂದ ದಿನ ಬಂಡೂರಿನಲ್ಲಿ ಬೆಳಗಿನಿಂದಲೂ ಮೋಡ ಕವಿದುಕೊಂಡಿತ್ತು. ಹನಿ ಮಾತ್ರ ಬಿದ್ದಿರಲಿಲ್ಲ. ಚಲುವರಾಜುವಿನ ದೊಡ್ಡಿಯಲ್ಲಿ ಐದು ಮರಿಟಗರುಗಳನ್ನು ಬೇರೆ ಕೂಡಿಹಾಕಿದ್ದರು. ಊರಿನ ಕುರಿಗಳಿಗೆ ಹೊರಗಿನ ಡಾರ್ಪರ್ ತಳಿಯ ಟಗರು ಬಿಟ್ಟು ಹುಟ್ಟಿಸಿದ ಅಡ್ಡತಳಿ ಅವು. ಒಂದನ್ನು ಹಿಂಡಿಗೆ ಬೀಜದ ಟಗರಾಗಿ ಉಳಿಸಿಕೊಂಡು ಮಿಕ್ಕವನ್ನು ಮಾಂಸಕ್ಕೆ ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು.

ಉಳಿಯುವುದು ಯಾವುದೆಂದು ಚಲುವರಾಜು ಆಗಲೇ ತೀರ್ಮಾನಿಸಿಬಿಟ್ಟಿದ್ದ. ಡಾಕ್ಟರನ್ನು ಕರೆಸಿದ್ದು ಹೂಂ ಅನ್ನಿಸಿಕೊಳ್ಳಲಿಕ್ಕೆ ಮಾತ್ರ. ಅದು ಸೊಸೆ ಅರ್ಪಿತಳಿಗೂ ಗೊತ್ತಿತ್ತು. ಅವಳು ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಪುನೀತನಿಗೆ ಮದ್ದೂರಿನಲ್ಲಿ ಪಾಳಿಯ ಕೆಲಸ, ಅತ್ತೆ ಮಂಗಳಮ್ಮನಿಗೆ ಮಂಡಿನೋವು. ಹಾಗಾಗಿ ದೊಡ್ಡಿಯ ಮೇವು, ನೀರು, ಬಾಣಂತನ ಎಲ್ಲ ಅವಳ ಪಾಲಿಗೆ ಬಂದಿತ್ತು. ಅವಳಿಗೆ ಅದು ಇಷ್ಟವೂ ಆಗಿತ್ತು.

ಡಾಕ್ಟರು ಒಂದೊಂದನ್ನೇ ಹಿಡಿಸಿ ಬಾಯಿ ಬಿಡಿಸಿದರು, ಕಣ್ಣಿನ ರೆಪ್ಪೆ ಮಗುಚಿದರು, ನಡೆಸಿ ನೋಡಿದರು. ಒಂದಕ್ಕೆ ಕೆಳದವಡೆ ಗಿಡ್ಡ. ಇನ್ನೊಂದರ ಹಿಂಗಾಲು ನಡೆಯುವಾಗ ಒಂದಕ್ಕೊಂದು ಉಜ್ಜುತ್ತಿತ್ತು. ಒಂದೊಂದು ಕಳೆದಂತೆಲ್ಲ ಚಲುವರಾಜುವಿನ ಮುಖ ಅರಳುತ್ತಿತ್ತು. ಕೊನೆಯದಾಗಿ ಕರಿತಲೆ ಬಂತು. ಕುತ್ತಿಗೆಯವರೆಗೆ ಕಪ್ಪು, ಅಲ್ಲಿಂದ ಹಿಂದಕ್ಕೆ ಬಿಳುಪು, ಮಂಚದಂಥ ಬೆನ್ನು. ಹಿಂದಿನಿಂದ ನೋಡಿದರೆ ಮಗುಚಿಟ್ಟ ಹಂಡೆ. ಐದರಲ್ಲಿ ಮನುಷ್ಯರಿಗೆ ಹೆದರದಿದ್ದದ್ದು ಅದೊಂದೇ. ಅರ್ಪಿತ ಹೋದರೆ ಅಂಗೈಗೆ ಮೂತಿ ಇಟ್ಟು ನಿಲ್ಲುತ್ತಿತ್ತು.

ಡಾಕ್ಟರು ಕುಕ್ಕರಗಾಲಲ್ಲಿ ಕೂತು ಅದರ ಬೀಜಗಳಿಗೆ ಟೇಪು ಸುತ್ತಿ ಅಳತೆ ನೋಡಿದರು. ಅಳತೆ ಚೆನ್ನಾಗಿದೆ ಎಂದರು. ಆಮೇಲೆ ಎರಡೂ ಕೈಯಿಂದ ಮೇಲಿನಿಂದ ಕೆಳಕ್ಕೆ ಮುಟ್ಟುತ್ತ ಬಂದವರ ಬೆರಳು ಒಂದು ಕಡೆ ನಿಂತುಬಿಟ್ಟಿತು. ಮತ್ತೆ ಮೇಲಿನಿಂದ ಬಂದರು. ಮತ್ತೆ ಅಲ್ಲೇ ನಿಂತರು. ಕುತ್ತಿಗೆ ಹಿಡಿದಿದ್ದ ಅರ್ಪಿತಳ ಮಣಿಕಟ್ಟಿಗೆ ಟಗರಿನ ಬಿಸಿಯುಸಿರು ತಾಗುತ್ತಿತ್ತು. ಅದು ಕೊಸರಾಡಲೂ ಇಲ್ಲ.

"ಎಡಗಡೆ ಬುಡದಲ್ಲಿ ಒಂದು ಗಂಟಿದೆ," ಎಂದರು ಡಾಕ್ಟರು. "ಪೆಟ್ಟು ಬಿದ್ದು ಆಗಿದ್ರೆ ಸರಿ. ಗರ್ಭ ಇಳಿಸೋ ಕಂದು ರೋಗ, ಬ್ರುಸೆಲ್ಲೋಸಿಸ್, ಆಗಿದ್ರೆ ಇದೊಂದೇ ಸಾಕು, ಹಿಂಡೇ ಕಂದು ಹಾಕುತ್ತೆ. ಮನುಷ್ಯರಿಗೂ ಬರುತ್ತೆ ಅದು."

ಅವರು ರಕ್ತ ತೆಗೆದುಕೊಂಡರು. ಮೊದಲ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ನಂಬುವ ಹಾಗಿಲ್ಲ, ತಿಂಗಳು ಬಿಟ್ಟು ಇನ್ನೊಂದು ಸಲ ನೋಡಬೇಕು, ಅಲ್ಲಿಯವರೆಗೆ ಟಗರನ್ನು ಒಂಟಿಯಾಗಿ ಕಟ್ಟಿ ಎಂದು ಮಾವ ಸೊಸೆ ಇಬ್ಬರಿಗೂ ಬಿಡಿಸಿ ಹೇಳಿ ಹೋದರು. ಜೀಪು ತಿರುವು ದಾಟಿದ್ದೇ ಚಲುವರಾಜು, "ಗಂಟಂತೆ ಗಂಟು. ನನ್ನ ಕಾಲಲ್ಲೂ ಒಂದದೆ. ನಾನೇನ್ ಸತ್ತೋದ್ನಾ?" ಎಂದ.

ಮೊದಲ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಚಲುವರಾಜುವಿನ ಕಿವಿಗೆ ಬಿದ್ದದ್ದು ಅಷ್ಟೇ. ಅವತ್ತೇ ಕರಿತಲೆಯ ಹಗ್ಗ ಬಿಚ್ಚಿದ. ಇನ್ನೊಂದು ಪರೀಕ್ಷೆ ಬಾಕಿಯಿದೆಯಲ್ಲ ಮಾವ ಎಂದು ಅರ್ಪಿತ ನೆನಪಿಸಿದಳು.

"ಕುರಿ ಬೆದೆಗೆ ಬಂದವೆ ಕಣವ್ವ. ನಿಮ್ ಡಾಕ್ಟ್ರು ಬರೋಗಂಟ ಕಾಯ್ತವಾ ಅವು? ಗೇಟ್ ತೆಗಿ, ಬುಡು."

ಅವಳೇ ಗೇಟು ತೆಗೆದಳು. ಟಗರು ಅವಳ ಸೀರೆಯನ್ನು ಸವರಿಕೊಂಡು ಒಳಗೆ ಹೋಯಿತು. ಆಮೇಲೆ ಡಾಕ್ಟರ ಫೋನು ಬಂದಾಗಲೆಲ್ಲ ಚಲುವರಾಜು ಮುಂದಿನ ವಾರ ಬನ್ನಿ ಎನ್ನುತ್ತಿದ್ದ. ಬರಬರುತ್ತ ಫೋನು ಎತ್ತುವುದನ್ನೇ ಬಿಟ್ಟ.

ಆಷಾಢ ಕಳೆದು ಅರ್ಪಿತ ಭಾರತೀನಗರದ ತವರಿನಿಂದ ಬಂದಾಗ ಕುರಿಗಳು ಗಬ್ಬ ಕಟ್ಟಿದ್ದವು. ಶ್ರಾವಣ ಮುಗಿಯುವ ಹೊತ್ತಿಗೆ ಅವಳಿಗೂ ನಿಂತಿತ್ತು. ಮನೆಯೂ ದೊಡ್ಡಿಯೂ ಒಟ್ಟಿಗೆ ತುಂಬುತ್ತವೆ ಎಂದು ಮಂಗಳಮ್ಮ ನೆಟಿಗೆ ಮುರಿದಳು.

ಮಹಾಲಯದ ಆಸುಪಾಸಿನಲ್ಲಿ ಮೊದಲ ಕುರಿ ಕಂದು ಹಾಕಿತು. ಅರ್ಪಿತ ಕಸ ಗುಡಿಸಲು ಹೋದಾಗ ಮೂಲೆಯಲ್ಲಿ ಒದ್ದೆ ಬಟ್ಟೆಯ ಮುದ್ದೆಯಂಥದ್ದು ಬಿದ್ದಿತ್ತು. ಜೀವವಿದೆಯೇನೋ ಎಂದು ಬರಿಗೈಯಲ್ಲೇ ಎತ್ತಿ ಅದರ ಮೂತಿ ಒರೆಸಿದಳು. ಮೈಮೇಲೆ ಕೂದಲೇ ಹುಟ್ಟಿರಲಿಲ್ಲ. ನಾಯಿ ಬೆದರಿಸಿರಬೇಕು ಎಂದ ಚಲುವರಾಜು. ಆ ವಾರದಲ್ಲೇ ಮತ್ತೊಂದು ಹಾಕಿತು, ಆಮೇಲೆ ಒಂದರ ಹಿಂದೊಂದು. ಮಾಸು ಬೀಳದ ಕುರಿಗಳಿಗೆ ಅವಳೇ ಕೈ ಹಾಕಿ ಎಳೆದಳು. ಮಾವ ಎಲ್ಲವನ್ನೂ ಕಬ್ಬಿನ ಗದ್ದೆಯ ಬದುವಿನಲ್ಲಿ ಹೂತು ಬಂದು, ಊರಿಗೆ ಗೊತ್ತಾದರೆ ನಮ್ಮ ಕುರಿಯನ್ನು ಯಾರೂ ಮೂಸುವುದಿಲ್ಲ ಎಂದು ಮನೆಯವರ ಬಾಯಿಗೆ ಬೀಗ ಹಾಕಿದ. ಕರಿತಲೆ ಮಾತ್ರ ಮಿರಮಿರ ಮಿಂಚುತ್ತಿತ್ತು. ದಾರಿಹೋಕರು ಬೈಕು ನಿಲ್ಲಿಸಿ ನೋಡಿ ಹೋಗುತ್ತಿದ್ದರು.

ದೀಪಾವಳಿಯ ನಂತರ ಅರ್ಪಿತಳಿಗೆ ಜ್ವರ ಹತ್ತಿತು. ದೀಪ ಹಚ್ಚುವ ಹೊತ್ತಿಗೆ ಬರುವುದು, ಬೆಳಗಾಗುವಷ್ಟರಲ್ಲಿ ಹಾಸಿಗೆಯೆಲ್ಲ ಬೆವರಿನಲ್ಲಿ ತೋಯಿಸಿ ಹೋಗುವುದು. ಸೊಂಟ ಮುರಿದು ಹಾಕಿದಂತೆ ನೋವು. ಬಸುರಿಯ ಕಾವು, ಮೊದಲನೆಯದಕ್ಕೆ ಹಾಗೇ, ಎಂದಳು ಅತ್ತೆ. ಒಂದು ಮಧ್ಯಾಹ್ನ ಹಿಂಡಿ ತಿನ್ನುತ್ತ ನಿಂತಿದ್ದ ಟಗರಿನ ಪಕ್ಕ ಕೂತು ಅರ್ಪಿತ ಮೆಲ್ಲಗೆ ಕೈ ಚಾಚಿದಳು. ಗಂಟು ಹುಡುಕಬೇಕಾಗಲೇ ಇಲ್ಲ. ನಿಂಬೆಕಾಯಿಯಷ್ಟಾಗಿ ಕೈಗೆ ಸಿಕ್ಕಿತು. ಅಲ್ಲೇ ಗೋಡೆಗೆ ಒರಗಿ, ಯಾರನ್ನೂ ಕೇಳದೆ, ಡಾಕ್ಟರ್ ಚೂಡಾಮಣಿಗೆ ಫೋನು ಮಾಡಿದಳು.

ಅವರು ಬಂದವರು ಯಾರನ್ನೂ ಬೈಯಲಿಲ್ಲ. ಹಿಂಡಿನ ಎಲ್ಲ ಕುರಿಗಳ ರಕ್ತ ತೆಗೆಸಿದರು. ಅರ್ಪಿತಳ ಮುಖವನ್ನು ಒಮ್ಮೆ ನೋಡಿ, ಜ್ವರ ಯಾವಾಗಿನಿಂದ ಎಂದು ಕೇಳಿ, ಇವತ್ತೇ ಮಂಡ್ಯದ ಆಸ್ಪತ್ರೆಗೆ ಹೊರಡು ಎಂದರು. ಕರಿತಲೆಗೂ ಅರ್ಧಕ್ಕಿಂತ ಹೆಚ್ಚು ಕುರಿಗಳಿಗೂ ಕಂದು ರೋಗವೆಂದು ಗೊತ್ತಾಯಿತು. ಅರ್ಪಿತಳ ರಕ್ತದಲ್ಲೂ ಅದೇ ಇತ್ತು. ಸ್ಕ್ಯಾನಿಂಗಿನಲ್ಲಿ ಮಗುವಿನ ಎದೆಬಡಿತ ಕೇಳಿಸಿತು. ಮಾತ್ರೆ ಬಹಳ ದಿನ ನುಂಗಬೇಕು, ಮಗುವಿನ ವಿಷಯ ಈಗಲೇ ಏನೂ ಹೇಳಲಾಗುವುದಿಲ್ಲ ಎಂದರು ಅಲ್ಲಿನ ವೈದ್ಯರು. ಪುನೀತ ರಜೆ ಹಾಕಿ ಅವಳ ಕಾಲ ಬಳಿಯೇ ಕೂತುಬಿಟ್ಟ.

ಡಾಕ್ಟರು ಚುಚ್ಚುಮದ್ದು ಕೊಟ್ಟು ಸಾಯಿಸಿದ ಟಗರನ್ನು ಗುಂಡಿ ತೋಡಿಸಿ, ಸುಣ್ಣ ಹಾಕಿ ಹೂತ ಮಾರನೆಯ ದಿನ ಚಲುವರಾಜು ಆಸ್ಪತ್ರೆಗೆ ಬಂದ. ಮಂಚದ ಕಬ್ಬಿಣ ಹಿಡಿದು ನಿಂತ.

"ನೀನ್ ಯೋಳ್ದಾಗ ಕೇಳ್ಬೇಕಿತ್ತು ಕಣವ್ವ."

ಅರ್ಪಿತ ಗೇಟಿನ ಚಿಲಕ ತೆಗೆದ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ, ಈ ತಿಂಗಳುಗಳಲ್ಲಿ ನಮ್ಮ ದೊಡ್ಡಿಯಿಂದ ಯಾವುದಾದರೂ ಕುರಿ ಹೊರಗೆ ಹೋಗಿದೆಯಾ ಎಂದು ಚೂಡಾಮಣಿ ಡಾಕ್ಟರಮ್ಮ ಕೇಳುತ್ತಿದ್ದಾರೆ ಎಂದಳು. ಮಾವ ಗೋಡೆಯ ಕಡೆ ತಿರುಗಿದ. ಅವಳು ಮತ್ತೆ ಕೇಳಿದಳು.

ಕೊನೆಗೆ ಒಪ್ಪಿಕೊಂಡ: ಕುರಿ ಹೋಗಿರಲಿಲ್ಲ, ಟಗರೇ ಹೋಗಿತ್ತು. ಅವಳು ಆಷಾಢಕ್ಕೆ ತವರಿನಲ್ಲಿದ್ದಾಗ ಮಂಗಳಮ್ಮನ ತಮ್ಮ, ಬಸರಾಳಿನ ಸ್ವಾಮಿ, ಒಳ್ಳೇ ಬೀಜವೆಂದು ಕರಿತಲೆಯನ್ನು ಟೆಂಪೋದಲ್ಲಿ ಒಯ್ದು ತನ್ನ ಹಿಂಡಿಗೆ ಬಿಟ್ಟುಕೊಂಡು ವಾಪಸು ತಂದು ಕಟ್ಟಿದ್ದ. ಮೊನ್ನೆಯಿಂದ ಡಾಕ್ಟರ ಮುಂದೆಯೂ ಚಲುವರಾಜು ಅದನ್ನು ಬಾಯಿ ಬಿಟ್ಟಿರಲಿಲ್ಲ.

ಅರ್ಪಿತ ತನ್ನ ಫೋನಿನಲ್ಲಿ ಸ್ವಾಮಿಯ ನಂಬರು ಒತ್ತಿ ಮಾವನ ಕೈಗಿಟ್ಟಳು. ಎತ್ತಿದ್ದು ಸ್ವಾಮಿಯ ಮಗಳು ದೀಪಿಕ, ಹೆರಿಗೆಗೆಂದು ತವರಿಗೆ ಬಂದವಳು. ಸ್ವಾಮಿ ಎಲ್ಲಿ ಎಂದು ಚಲುವರಾಜು ಕೇಳಿದ್ದಕ್ಕೆ ಅವಳು ಹೇಳಿದ್ದು ಅರ್ಪಿತಳಿಗೂ ಕೇಳುತ್ತಿತ್ತು.

"ಅಪ್ಪ ಮಲಗವ್ರೆ ಮಾವ. ಸಂಜೆ ಆಯ್ತು ಅಂದ್ರೆ ಜ್ವರ. ಕುರಿ ಬ್ಯಾರೆ ಕಂದಾಕ್ತಾ ಅವೆ, ಎಲ್ಲ ನಾನೇ ನೋಡ್ಕತಾ ಇವ್ನಿ."

ಚಲುವರಾಜು ಫೋನನ್ನು ಕಿವಿಯಿಂದ ಇಳಿಸಿದ. ಅರ್ಪಿತ ಫೋನು ಕಿತ್ತುಕೊಂಡಳು.

"ದೀಪು, ನಾನು ಅರ್ಪಿತ. ಎಲ್ಲಿದ್ದೀಯ ಈಗ? ದೊಡ್ಡಿಲಿದ್ರೆ ಮೊದ್ಲು ಆಚೆಗೆ ಬಾ," ಎಂದಳು.