ನಾಲ್ಕು ಬೋಲ್ಟು

"ಬಂತೇನೋ?"

ಡೆಕ್ಕಿನ ಮೇಲೆ ಪೈಪಿನಿಂದ ನೀರು ಹೊಡೆಯುತ್ತಿದ್ದ ಅಪ್ಪ ಮೂರನೇ ಸಲ ಕೇಳಿದ. ಕೆಳಗೆ, ಹಾಯಿದೋಣಿಯ ಕ್ಯಾಬಿನ್ನಿನಲ್ಲಿ ಅಂಗಾತ ಮಲಗಿ ಎಲ್ಲಿ ಸೋರುತ್ತದೆಂದು ಚಾವಣಿ ನೋಡುತ್ತಿದ್ದ ಮಗನಿಗೆ ಮೈಯೆಲ್ಲ ಉರಿಯಿತು. ದೋಣಿಕಟ್ಟೆಯವರು ಅವನಿಗಿಟ್ಟ ಹೆಸರು ಸೀಮೆಎಣ್ಣೆ. ಕಡ್ಡಿ ಗೀರಿದರೆ ಸಾಕು.

"ಬಂದ್ರೆ ಹೇಳಲ್ವಾ? ನಾನೇನ್ ಕುರುಡನಾ?"

"ಕುರುಡ ಅಲ್ಲಪ್ಪ, ಅವಸರದವನು."

ಮಧ್ಯಾಹ್ನ ಅಕ್ಕ, ಭಾವ ಈ ದೋಣಿಯಲ್ಲೇ ಹೊರಡುವವರು. ನಲವತ್ತು ದಿನದ ಸಮುದ್ರ. ಡೆಕ್ಕಿನ ಕಂಬಿಗಳನ್ನೆಲ್ಲ ಅಪ್ಪನೇ ಕೂರಿಸಿದ್ದ. ಹಗ್ಗ ಸುತ್ತುವ ಉಕ್ಕಿನ ಗೂಟ ಒಂದನ್ನು, ಬರೀ ಒಂದನ್ನು, ಮಗನಿಗೆ ಬಿಟ್ಟಿದ್ದ. ಅದು ಸೋರದಿದ್ದರೆ ಮುಂದಿನ ದೋಣಿಯ ಕೆಲಸ ಪೂರ್ತಿ ನಿನ್ನದು ಅಂದಿದ್ದ.

ಅಷ್ಟರಲ್ಲಿ ಹಣೆಗೆ ತಣ್ಣಗೆ ಬಡಿಯಿತು. ಡೆಕ್ಕು ತೂರಿ ಕೆಳಗಿಳಿದ ಕಂಬಿಯ ಬೋಲ್ಟಿನ ತುದಿಯಲ್ಲಿ ಮತ್ತೊಂದು ಹನಿ ತುಂಬಿಕೊಳ್ಳುತ್ತಿತ್ತು. ಅಪ್ಪನ ಬೋಲ್ಟು! ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಬಂತು! ನಿಂದೇ ಸೋರ್ತಿದೆ, ಬಾ ನೋಡು!"

ಅಪ್ಪ ಇಳಿದು ಬಂದ. ನೋಡಿದ. ಸ್ಪ್ಯಾನರ್ ತಂದು ಬಿಚ್ಚತೊಡಗಿದ. ಬಾಗಿಲಲ್ಲಿ ನಿಂತ ಅಕ್ಕ, "ಇರ್ಲಿ ಬಿಡಪ್ಪ, ಒಂದು ಹನಿ ತಾನೆ. ಬಟ್ಟೆ ತುರುಕಿದ್ರಾಯ್ತು," ಅಂದಳು.

"ಇಲ್ಲಮ್ಮ. ಕೈಯಲ್ಲಿ ಮೊದಲಿನ ಹಿಡಿತ ಇಲ್ಲ. ಇನ್ಮೇಲೆ ಎಲ್ಲಾ ಇವನೇ ನೋಡ್ಕೊಳ್ಳಲಿ."

ಬೋಲ್ಟು ಹೊರಬಂತು. ಅದರ ಸುತ್ತ, ನೀರು ತಡೆಯಲು ಹಚ್ಚಿದ್ದ ಕಪ್ಪು ಅಂಟು ಬಳೆಯ ಹಾಗೆ ಮುಕ್ಕಾಗದೆ ಇತ್ತು. ಮಗ ತೂತಿನೊಳಗೆ ಬೆರಳಿಟ್ಟ. ಒದ್ದೆಯಾಗಿದ್ದದ್ದು ಒಂದೇ ಬದಿ. ಮುಂದಿನ ಬದಿ, ಅವನ ಗೂಟವಿದ್ದ ಕಡೆ. ನೀರು ಹೊಕ್ಕಲ್ಲೇ ಹೊರಬರುವುದಿಲ್ಲ, ಡೆಕ್ಕಿನ ಹೊಟ್ಟೆಯ ಮರದಲ್ಲಿ ನಡೆದು ಇನ್ನೆಲ್ಲೋ ಮುಖ ತೋರಿಸುತ್ತದೆ.

ಅಂಟು ಹಚ್ಚಿ ಅರ್ಧ ಬಿಗಿ ಮಾಡು, ಅದು ಗಟ್ಟಿಯಾದ ಮೇಲೆ ಉಳಿದರ್ಧ ಅಂತ ಅಪ್ಪ ಬಡಕೊಂಡಿದ್ದ. ಇವನು ಹಲ್ಲು ಕಚ್ಚಿ ಒಂದೇ ಪಟ್ಟಿಗೆ ಬಿಗಿದಿದ್ದ. ಅಂಟೆಲ್ಲ ಅಂಚಿನಿಂದ ಹಿಂಡಿ ಬಂದಿತ್ತು. ಅದನ್ನು ಒರೆಸಿ, ಎಷ್ಟು ಚೊಕ್ಕ ಕೆಲಸ ಅಂತ ಮೀಸೆ ತಿರುವಿದ್ದ.

ಅಪ್ಪ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಆಗಿತ್ತು. ಮುಂದಿನ ದೋಣಿ ಅವನದೇ. ಹಾಳಾದ್ದು, ಆ ಕೈಗಳ ಕಡೆ ನೋಡಲೇ ಆಗಲಿಲ್ಲ.

"ಅಕ್ಕಾ, ಇವತ್ತು ಹೊರಡಬೇಡಿ."

"ಏನೋ ನಿಂದು ಹೊಸ ರಾಗ? ನಿಮ್ಮ ಭಾವ ಕೂಗಾಡ್ತಾರೆ."

"ಕೂಗಾಡ್ಲಿ!" ಅವನು ಸ್ಪ್ಯಾನರ್ ಕಿತ್ತುಕೊಂಡ. ಚಾವಣಿಯ ಕೆಳಗೆ ತನ್ನ ನಾಲ್ಕು ನಟ್ಟುಗಳನ್ನೂ ಬಿಚ್ಚಿ ಮೇಲೆ ಓಡಿದ. ಗೂಟ ಎಳೆದ ಕೂಡಲೇ ಎದ್ದು ಬಂತು, ಒಂದಿಷ್ಟೂ ಹಟ ಮಾಡದೆ. ತಂದು ಅಪ್ಪನ ಅಂಗೈಯಲ್ಲಿಟ್ಟ.

ಅಪ್ಪ ಅದನ್ನು ಮಗುಚಿ ಹೆಬ್ಬೆರಳಿನಿಂದ ತಳ ಸವರಿದ, ಈ ಕೊನೆಯಿಂದ ಆ ಕೊನೆಗೆ. ಒದ್ದೆ ಉಕ್ಕು, ಅಷ್ಟೆ. ಅಂಟಿನ ಒಂದು ಚೂರೂ ಬೆರಳಿಗೆ ತಗಲಲಿಲ್ಲ.