ಹ್ಯಾಡ್ಲಿಯ ಮಂಡಿ

"ಮೂವತ್ತೆಂಟರ ಮುದುಕನ್ನ ಕರ್ಕೊಂಡ್ ಬಂದು ಏನ್ ಮಾಡ್ತಾರಂತೆ? ಆಟ ಆಡ್ಸೋಕಾ, ಇಲ್ಲ ಆರೈಕೆ ಮಾಡೋಕಾ?" ಲೂಷಿಯಸ್ ಬಾಯಲ್ಲಿದ್ದ ಹಾಟ್‌ಡಾಗ್ ನುಂಗದೆಯೇ ಕೇಳಿದ.

ಡೆಟ್ರಾಯಿಟ್‌ನ ಆ ಸಣ್ಣ ಹೋಟೆಲಿನಲ್ಲಿ, ಹಗಲು ಪಾಳಿ ಮುಗಿಸಿ ಬಂದ ಕಾರ್ಖಾನೆಯವರೆಲ್ಲ ಹೋ ಎಂದು ನಕ್ಕರು. ಥೆರನ್ ಒಬ್ಬ ನಗಲಿಲ್ಲ. ಶಾಲಾ ಬಸ್ ಓಡಿಸುವ ಅವನಿಗೆ ಬ್ಯಾಸ್ಕೆಟ್‌ಬಾಲ್ ಆಟಗಾರ ಕಾರ್ನೆಲ್ ಹ್ಯಾಡ್ಲಿ ಎಂದರೆ ಪ್ರಾಣ. ಹ್ಯಾಡ್ಲಿ ಎದುರು ತಂಡದಲ್ಲಿದ್ದು ತಮ್ಮೂರಿನವರನ್ನು ಹಣ್ಣುಗಾಯಿ ಮಾಡುತ್ತಿದ್ದ ದಿನಗಳಲ್ಲೂ ಒಳಗೊಳಗೇ ಅವನನ್ನು ಮೆಚ್ಚಿಕೊಂಡಿದ್ದವನು. ಬೇಸಿಗೆಯೆಲ್ಲ ಯಾವ ತಂಡವೂ ಕೇಳದೆ ಮನೆಯಲ್ಲಿ ಕೂತಿದ್ದ ಹ್ಯಾಡ್ಲಿಯನ್ನು ಈಗ ಡೆಟ್ರಾಯಿಟ್ ತಂಡ ಕರೆದಿತ್ತು. ಮಾತುಕತೆ ಮುಗಿದಿತ್ತು. ನಾಳೆ ವೈದ್ಯರು ಪರೀಕ್ಷೆ ಮಾಡಿ ಒಪ್ಪಿದರೆ ಸಹಿ.

"ಅವ್ನ ತಲೇಲಿರೋ ಆಟದಲ್ಲಿ ಕಾಲುಭಾಗ ನಮ್ ಹುಡುಗ್ರಿಗಿದ್ರೆ ಹೋದ್ವರ್ಷ ಹಂಗೆ ಮಣ್ಣು ಮುಕ್ತಿದ್ವಾ?" ಎಂದ ಥೆರನ್.

"ತಲೆ ಇದೆ, ಸರಿ. ಕಾಲೆಲ್ಲಿದೆ ಗುರೂ?"

ಮತ್ತೆ ನಗು. ಆ ನಗುವಿನ ನಡುವೆಯೇ ಬಾಗಿಲು ತೆರೆಯಿತು. ತಲೆ ತಗ್ಗಿಸಿ ಒಳಗೆ ಬಂದವನು ಸ್ವತಃ ಹ್ಯಾಡ್ಲಿ. ಮೂಲೆಯ ಮೇಜಿಗೆ ಹೋಗಿ ಸೂಪು ಹೇಳಿ, ಎಡಗಾಲನ್ನು ಮೆಲ್ಲಗೆ ಚಾಚಿಕೊಂಡ.

ಮುದುಕ ಎಂದಿದ್ದ ಲೂಷಿಯಸ್ಸೇ ಮೊದಲು ಎದ್ದುಹೋಗಿ ಹೆಗಲಿಗೆ ಹೆಗಲು ತಾಗಿಸಿ ಫೋಟೊ ಹೊಡೆಸಿಕೊಂಡ. ತಿರುಗಿ ಬಂದವನು ಥೆರನ್ನನ ಕಿವಿಯಲ್ಲಿ, "ಹತ್ರದಿಂದ ನೋಡಿದ್ರೆ ಇನ್ನೂ ಮುದುಕ ಕಣೋ," ಎಂದ.

ಥೆರನ್ನನಿಗೆ ಮೈ ಉರಿಯಿತು. ನೆಟ್ಟಗೆ ಹ್ಯಾಡ್ಲಿಯ ಬಳಿ ಹೋದ.

"ಹಿಂದ್ಗಡೆ ಅಂಗಳದಲ್ಲಿ ಒಂದು ರಿಂಗ್ ಇದೆ, ಚೆಂಡೂ ಇದೆ ಗುರುವೇ. ನೆಗೆದು ಒಂದೇ ಒಂದು ಡಂಕ್ ಹೊಡೀರಿ. ಈ ನನ್ಮಕ್ಕಳ ಬಾಯಿ ಮುಚ್ಚಿಸ್ಬೇಕು."

"ಇವತ್ತು ಬೇಡ ಯಜಮಾನ್ರೇ. ಮೈ ಬಿಸಿಯಾಗಿಲ್ಲ."

"ನಿಮಗೋಸ್ಕರ ಇವರ ಹತ್ರ ದಿನಾ ಬೈಸ್ಕೊಳ್ತೀನಿ ನಾನು. ನನ್ನ ಮರ್ಯಾದೆಗಾದ್ರೂ..."

ಹ್ಯಾಡ್ಲಿ ಅವನ ಮುಖವನ್ನೇ ನೋಡಿದ. ಆಮೇಲೆ ಬಾಯಿ ಒರೆಸಿಕೊಂಡು ಎದ್ದ.

ಅಂಗಳದಲ್ಲಿ ಚಳಿಗಾಳಿ. ಹೋಟೆಲಿಗೆ ಹೋಟೆಲೇ ಹೊರಗೆ ಬಂದು ಸುತ್ತ ನಿಂತಿತು. ಹ್ಯಾಡ್ಲಿ ಕೋಟು ಕಳಚಿ ಥೆರನ್ನನ ಕೈಗೆ ಕೊಟ್ಟ. ಚೆಂಡನ್ನು ಪುಟಿಸುತ್ತ ಓಡಿಬಂದ, ನೆಗೆದ. ಒಂದು ಗಳಿಗೆ ಅವನು ನಿಜಕ್ಕೂ ಹಳೆಯ ಹ್ಯಾಡ್ಲಿಯೇ, ಥೆರನ್ ಕೂಗಿಯೇಬಿಟ್ಟ. ಚೆಂಡು ರಿಂಗಿನೊಳಗೆ ಧಡ್ಡೆಂದು ಇಳಿಯಿತು. ಹ್ಯಾಡ್ಲಿಯೂ ಇಳಿದ. ಎಡಮಂಡಿ ಅವನನ್ನು ಹೊರಲಿಲ್ಲ. ಡಾಂಬರಿನ ಮೇಲೆ ಪಕ್ಕಕ್ಕೆ ಮಡಚಿಕೊಂಡು ಬಿದ್ದ.

ಗುಂಪಿನ ಹಿಂದೆ ಯಾರೋ ಕಿಸಕ್ಕೆಂದರು.

ಥೆರನ್ ಓಡಿಹೋಗಿ ಕೂತ. ಹ್ಯಾಡ್ಲಿ ಹಲ್ಲು ಕಚ್ಚಿಕೊಂಡಿದ್ದ. "ನಾಳೆ ಡಾಕ್ಟ್ರ ಮುಂದೆ ಒಂದಿನ ಹೇಗೋ ದಾಟಿಸ್ತಿದ್ದೆ," ಎಂದ. ಆಮೇಲೆ ಲೂಷಿಯಸ್ ಎತ್ತಿ ಹಿಡಿದಿದ್ದ ಮೊಬೈಲನ್ನು ಕಣ್ಣಲ್ಲೇ ತೋರಿಸಿ, "ಅದನ್ನ ಅಳಿಸೋಕೆ ಹೇಳಿ ಯಜಮಾನ್ರೇ."

"ಲೂಷಿಯಸ್, ಅಳಿಸೋ!"

"ಹಾಕೇಬಿಟ್ಟೆ ಕಣೋ. ಆಗ್ಲೇ ಊರೆಲ್ಲ ನೋಡ್ತಿದೆ."

ಮಾರನೆಯ ದಿನ ತಂಡದವರು ಒಂದೇ ಸಾಲಿನ ಪ್ರಕಟಣೆ ಕೊಟ್ಟರು: ಒಪ್ಪಂದ ಇಲ್ಲ. ಥೆರನ್ ವಾರಪೂರ್ತಿ ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಬಸ್ ನಿಲ್ಲಿಸಿ ಸೀದಾ ಮನೆಗೆ ಹೋಗಿ, ಟೀವಿ ಹಾಕದೆ ಕೂತಿರುತ್ತಿದ್ದ. ಕೊನೆಗೆ ಶುಕ್ರವಾರ, ಒಂಟಿತನ ತಡೆಯಲಾರದೆ ಬಂದ.

ಅವನನ್ನು ಕಂಡದ್ದೇ ಎಲ್ಲರೂ ಮೇಜು ಕುಟ್ಟಿದರು. "ಬಂದ ನೋಡ್ರೋ, ತಂಡಾನ ಉಳಿಸಿದ ಮಹರಾಯ!" ಎಂದು ಲೂಷಿಯಸ್ ಎದ್ದು ತಬ್ಬಿಕೊಂಡ. "ಡಾಕ್ಟ್ರಿಗಿಂತ ಮುಂಚೆ ನೀನೇ ಪರೀಕ್ಷೆ ಮಾಡ್ಬಿಟ್ಯಲ್ಲೋ!"

ಥೆರನ್ ಏನೋ ಹೇಳಲು ಬಾಯಿ ತೆರೆದ. ಇಷ್ಟು ವರ್ಷಗಳಲ್ಲಿ ಈ ಮೇಜಿನವರು ಯಾವತ್ತೂ ಅವನಿಗಾಗಿ ಹೀಗೆ ಎದ್ದು ನಿಂತಿರಲಿಲ್ಲ. ಯಾರೋ ಜಾಗ ಬಿಟ್ಟರು. ಯಾರೋ ಬಿಯರ್ ತಂದಿಟ್ಟರು. ಅವನು ಕೂತ, ಕುಡಿದ. ಎರಡನೆಯ ಲೋಟಕ್ಕೆ ಮೆಲ್ಲಗೆ ನಕ್ಕ.

"ಹೆಂಗ್ ಬಿದ್ದ ಹೇಳೋ, ನೀನೇ ಹತ್ರ ಇದ್ದಿದ್ದು," ಎಂದರು ಆ ದಿನ ಇಲ್ಲದಿದ್ದ ಹೊಸಬರು. ಅವನು ಹೇಳಿದ.

"ಹಂಗಲ್ಲ, ಮಾಡಿ ತೋರ್ಸು!"

ಥೆರನ್ ಲೋಟ ಕೆಳಗಿಟ್ಟ. ಎದ್ದು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಜಾಗ ನೋಡಿಕೊಂಡು, ಎಡಗಾಲನ್ನು ಮುಂದಿಟ್ಟ.